ಇತಿಹಾಸ, ರಾಜ್ಯಶಾಸ್ತ್ರ ಓದಿ ಏನು ಮಾಡುವುದು?

ಪ್ರಶ್ನೆ (ಹಿರಿಯೂರಿನ ವಿದ್ಯಾರ್ಥಿನಿ): ಸರ್, ದ್ವಿತೀಯ ಪಿಯುಸಿ ಕಲಾ ವಿಭಾಗದಲ್ಲಿ ಪಾಸಾಗಿದ್ದೇನೆ. ಚಿತ್ರದುರ್ಗದಲ್ಲಿ ಬಿ.ಎ. ಸೇರಿ ಇತಿಹಾಸ, ರಾಜ್ಯಶಾಸ್ತ್ರ ಓದುವ ಆಸೆ. ಇಸವಿ ಉರು ಹೊಡೆಯಲು ಮೂರು ವರ್ಷ ಬೇಕೇ ಎಂದು ಮನೆಯಲ್ಲಿ ಕೇಳುತ್ತಾರೆ. ಈ ಎರಡನ್ನೂ ಒಟ್ಟಿಗೆ ಓದಿದರೆ ಪ್ರಯೋಜನವಿದೆಯೇ?

ಉತ್ತರ (ಇತಿಹಾಸ ಅಧ್ಯಾಪಕ): ಮನೆಯವರ ಮಾತನ್ನು ತಳ್ಳಿಹಾಕಬೇಡಮ್ಮ. ಗೈಡ್ ನಂಬಿ ಓದಿದವರಿಗೆ ಪದವಿ ಸಿಗುತ್ತದೆ, ವಿಷಯ ದಕ್ಕುವುದಿಲ್ಲ.

ನಿನ್ನ ಜಿಲ್ಲೆಯದೇ ಉದಾಹರಣೆ ಕೊಡುತ್ತೇನೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿದೆ, 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಪತ್ತೆ ಮಾಡಿದ್ದು. ಪರೀಕ್ಷೆಗೆ ಇಷ್ಟು ಸಾಕು. ಆದರೆ ಅದರ ಆರಂಭವನ್ನು ಓದಿ ನೋಡು: ಪ್ರಾಂತ್ಯದ ಕೇಂದ್ರ ಸುವರ್ಣಗಿರಿಯಿಂದ ಆರ್ಯಪುತ್ರ (ರಾಜಕುಮಾರ) ಮತ್ತು ಮಹಾಮಾತ್ರರು (ಹಿರಿಯ ಅಧಿಕಾರಿಗಳು) ಇಸಿಲ ಎಂಬ ಊರಿನ ಮಹಾಮಾತ್ರರ ಆರೋಗ್ಯ ಹಾರೈಸಿ, ಆಮೇಲೆ ರಾಜಾಜ್ಞೆಯನ್ನು ತಿಳಿಸುತ್ತಾರೆ. ಅಪ್ಪಟ ಸರ್ಕಾರಿ ಸುತ್ತೋಲೆ! ದೊರೆಯ ಮಾತು ಪ್ರಾಂತ್ಯದ ಕಚೇರಿ ದಾಟಿ ಕೆಳಗಿನ ಅಧಿಕಾರಿಗೆ ಇಳಿದ ದಾರಿ ಬಂಡೆಯ ಮೇಲೆಯೇ ಕಾಣುತ್ತದೆ. ಕೊನೆಯಲ್ಲಿ ಬರೆದವನ ಹೆಸರು ಚಪಡ. ಶಾಸನವೆಲ್ಲ ಬ್ರಾಹ್ಮಿಯಲ್ಲಿದ್ದರೆ, ತಾನು ಲಿಪಿಕಾರ ಎಂಬುದನ್ನು ಮಾತ್ರ ಅವನು ಖರೋಷ್ಠಿಯಲ್ಲಿ ಬರೆದಿದ್ದಾನೆ. ಅದು ವಾಯವ್ಯ ಗಡಿಯ ಕಡೆಯ ಲಿಪಿ. ಆ ಲಿಪಿ ಬಲ್ಲವನಿಗೆ ಮೊಳಕಾಲ್ಮೂರಿನ ಬಂಡೆಯ ಬಳಿ ಏನು ಕೆಲಸ? ವರ್ಗಾವಣೆಯಾಗಿ ಬಂದಿದ್ದನೇ? ಹೀಗೆ ಕೇಳಲು ಕಲಿಸುವುದು ರಾಜ್ಯಶಾಸ್ತ್ರ. ಉತ್ತರಕ್ಕೆ ಆಧಾರ ಎಲ್ಲಿದೆ ಎಂದು ತಡೆದು ನಿಲ್ಲಿಸುವುದು ಇತಿಹಾಸ.

ಈಚಿನದು ಬೇಕಾದರೆ, ದುರ್ಗದಲ್ಲಿ ವಕೀಲಿ ಮಾಡಿದ ಎಸ್. ನಿಜಲಿಂಗಪ್ಪನವರನ್ನು ತೆಗೆದುಕೋ. ಅವರು ಕಾಂಗ್ರೆಸ್ ಅಧ್ಯಕ್ಷರಾಗಿದ್ದಾಗಲೇ, 1969ರಲ್ಲಿ, ಪ್ರಧಾನಿ ಇಂದಿರಾ ಗಾಂಧಿ ಮತ್ತು ಪಕ್ಷದ ನಾಯಕರ ಜಗಳದಲ್ಲಿ ಪಕ್ಷ ಒಡೆಯಿತು. ಪಕ್ಷ ಹೇಳಿದಂತೆ ಪ್ರಧಾನಿ ನಡೆಯಬೇಕೋ, ಪ್ರಧಾನಿ ಹೇಳಿದಂತೆ ಪಕ್ಷವೋ? ಪಕ್ಷ ಪದ್ಧತಿಯ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಪ್ರಸಂಗ ನನಗೆ ಸಿಕ್ಕಿಲ್ಲ.

ಪ್ರಶ್ನೆ (ದಾವಣಗೆರೆಯ ತಂದೆ): ನನ್ನ ಮಗನೂ ಇದನ್ನೇ ಹಿಡಿದು ಕೂತಿದ್ದಾನೆ. ಶಾಸನ ಸರಿ ಸರ್, ಸಂಬಳದ ಮಾತು ಹೇಳಿ.

ಉತ್ತರ: ಬರೀ ಬಿ.ಎ. ನೆಚ್ಚಿಕೊಳ್ಳಬೇಡಿ ಯಜಮಾನರೇ. ಎರಡು ವರ್ಷದ ಬಿ.ಇಡಿ. ಮಾಡಿದರೆ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸಬಹುದು. ಮೂರು ವರ್ಷದ ಕಾನೂನು ಪದವಿಗೂ ದಾರಿಯಿದೆ. ಕಾಲೇಜು ಮೇಷ್ಟರಾಗಲು ಎಂ.ಎ. ಜೊತೆಗೆ ನೆಟ್ ಅಥವಾ ಕೆ-ಸೆಟ್ ಎಂಬ ಅರ್ಹತಾ ಪರೀಕ್ಷೆ ಪಾಸಾಗಬೇಕು. ಅದನ್ನೂ ಪಾಸು ಮಾಡಿ ವರ್ಷಗಟ್ಟಲೆ ಅತಿಥಿ ಉಪನ್ಯಾಸಕರಾಗಿಯೇ ಉಳಿದವರು ಬಹಳ ಮಂದಿ, ಇದನ್ನು ಮುಚ್ಚಿಡಲಾರೆ. ಯುಪಿಎಸ್‌ಸಿ ಮುಖ್ಯ ಪರೀಕ್ಷೆಯಲ್ಲಿ ಈ ಎರಡರಲ್ಲೊಂದನ್ನು ಐಚ್ಛಿಕವಾಗಿ ಆರಿಸಿಕೊಳ್ಳಬಹುದು, 500 ಅಂಕ. ಅದನ್ನು ಕನ್ನಡದಲ್ಲೇ ಬರೆಯಬಹುದು, ಆದರೆ ಓದಬೇಕಾದ ಪುಸ್ತಕಗಳು ಹೆಚ್ಚಾಗಿ ಇಂಗ್ಲಿಷಿನಲ್ಲಿವೆ. ಹುಡುಗ ಮೊದಲ ವರ್ಷದಿಂದಲೇ ದಿನಕ್ಕೆರಡು ಪುಟವಾದರೂ ಇಂಗ್ಲಿಷ್ ಓದಲಿ.

ಪ್ರಶ್ನೆ (ಹಿರಿಯೂರಿನ ವಿದ್ಯಾರ್ಥಿನಿ): ಕಾಲೇಜು ಶುರುವಾಗುವ ಮುಂಚೆ ಏನು ಓದಲಿ ಸರ್?

ಉತ್ತರ: ಶಾಸನಗಳ ಸಂಗ್ರಹಮಾಲೆ ಎಪಿಗ್ರಾಫಿಯಾ ಕರ್ನಾಟಿಕಾದ 11ನೇ ಸಂಪುಟ. ಹಳೆಯ ಚಿತ್ರದುರ್ಗ ಜಿಲ್ಲೆಯ ಶಾಸನಗಳು ತಾಲ್ಲೂಕುವಾರು ಅದರಲ್ಲಿವೆ, ದಾವಣಗೆರೆಯವೂ ಸೇರಿ. ಮೊದಲು ಹಿರಿಯೂರಿನ ಭಾಗ ತೆರೆದು, ನಿಮ್ಮ ಸುತ್ತಲಿನ ಯಾವ ಊರುಗಳ ಹೆಸರಿವೆ ನೋಡು.