ಅಂಗವೈಕಲ್ಯ ಭತ್ಯೆಯಲ್ಲಿ ಬದುಕುತ್ತಾ ಕೌನ್ಸಿಲ್ ಮನೆಯನ್ನು ಕೊಳ್ಳಬಹುದೇ?

ಹಾಸನದವಳು:

ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಹನ್ನೊಂದು ವರ್ಷಗಳಿಂದ ಒಂದೇ ಕೌನ್ಸಿಲ್ (ಸ್ಥಳೀಯ ಆಡಳಿತದ) ಮನೆಯಲ್ಲಿ ಬಾಡಿಗೆಗಿದ್ದೇನೆ. ಬೆನ್ನುಮೂಳೆಗೆ ಪೆಟ್ಟಾಗಿ ಕೆಲಸ ಬಿಟ್ಟ ಮೇಲೆ ಪಿಪ್ (ಅಂಗವೈಕಲ್ಯ ಭತ್ಯೆ) ಮತ್ತು ಕಡಿಮೆ ಆದಾಯದವರಿಗೆ ಸರ್ಕಾರ ಕೊಡುವ ಯೂನಿವರ್ಸಲ್ ಕ್ರೆಡಿಟ್‌ನಲ್ಲಿಯೇ ಜೀವನ ಸಾಗುತ್ತಿದೆ. ಬಾಡಿಗೆಯೂ ಅದರಲ್ಲಿಯೇ ಸಂದಾಯವಾಗುತ್ತದೆ. ಬಾಡಿಗೆದಾರರಿಗೆ ರಿಯಾಯಿತಿಯಲ್ಲಿ ಮನೆ ಮಾರುವ ‘ರೈಟ್ ಟು ಬೈ’ ಯೋಜನೆಯಲ್ಲಿ ಈ ಮನೆಯನ್ನು ಕೊಳ್ಳುವ ಆಸೆ ಹುಟ್ಟಿದೆ. ಬೆಂಗಳೂರಿನಲ್ಲಿರುವ ನನ್ನ ತಮ್ಮ 40,000 ಪೌಂಡ್ ಉಡುಗೊರೆಯಾಗಿ ಕೊಡುತ್ತೇನೆ ಎನ್ನುತ್ತಿದ್ದಾನೆ. ಇಂಥ ಮನೆಗಳಿಗೆ ನಮ್ಮ ಬೀದಿಯಲ್ಲಿ ಸುಮಾರು 1,90,000 ಪೌಂಡ್ ಬೆಲೆಯಿದೆ. ಇಪ್ಪತ್ತನಾಲ್ಕು ವರ್ಷದ ಮಗಳು ನನ್ನ ಜೊತೆಗಿದ್ದು ಕೆಲಸಕ್ಕೆ ಹೋಗುತ್ತಾಳೆ. ತಮ್ಮನ ಹಣ ಬಂದರೆ ನನ್ನ ಭತ್ಯೆಗೆ ಕುತ್ತು ಬರುತ್ತದೆಯೇ? ಬಾಗಿಲಿಗೆ ರ‍್ಯಾಂಪ್ ಹಾಕಿ, ಸ್ನಾನದ ಮನೆಯನ್ನು ನನಗಾಗಿ ಮಾರ್ಪಡಿಸಿರುವುದರಿಂದ ಕೌನ್ಸಿಲ್ ಮಾರುವುದಿಲ್ಲ ಎಂದು ಒಬ್ಬರು ಹೇಳಿದರು, ಅದು ನಿಜವೇ?

ಲೆಕ್ಕಿಗ:

ಅಕ್ಕ, ಮೊದಲು ರಿಯಾಯಿತಿಯ ಮಾತು. ಬಾಡಿಗೆಗಿದ್ದ ಐದು ವರ್ಷದವರೆಗೆ ಮನೆಗೆ ಶೇ. 35, ಆಮೇಲೆ ವರ್ಷಕ್ಕೆ ಶೇ. 1ರಂತೆ ಸೇರಿಸಿದರೆ ನಿಮಗೆ ಶೇ. 41, ಅಂದರೆ 77,900 ಪೌಂಡ್ ಸಿಗಬೇಕು. ಆದರೆ 2024ರ ನವೆಂಬರ್ 21ರಿಂದ ಗರಿಷ್ಠ ಮಿತಿಯನ್ನು ಬಹಳ ಕೆಳಗಿಳಿಸಿದ್ದಾರೆ. ಲೆಸ್ಟರ್ ಇರುವ ಈಸ್ಟ್ ಮಿಡ್‌ಲ್ಯಾಂಡ್ಸ್‌ಗೆ ಅದು 24,000 ಮಾತ್ರ. ಹಿಂದೆ ಕೊಂಡ ನೆರೆಹೊರೆಯವರು ಹೇಳುವ ಬೆಲೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಹೊರಡಬೇಡಿ.

ಹಾಗಾದರೆ ಬೆಲೆ 1,66,000. ತಮ್ಮನ ಹಣ ಕಳೆದರೆ ಸಾಲ 1,26,000. ಶೇ. 5ರ ಬಡ್ಡಿಯಲ್ಲಿ ಇಪ್ಪತ್ತೈದು ವರ್ಷಕ್ಕೆ ತಿಂಗಳ ಕಂತು ಸುಮಾರು 737 ಪೌಂಡ್ ಆಗುತ್ತದೆ. ಇವತ್ತು ಬಾಡಿಗೆಯನ್ನು ಭರಿಸುತ್ತಿರುವ ಭತ್ಯೆಯ ಭಾಗ ನೀವು ಮಾಲೀಕರಾದ ದಿನವೇ ನಿಲ್ಲುತ್ತದೆ. ಇದನ್ನು ಯಾರೂ ಮೊದಲು ಹೇಳುವುದಿಲ್ಲ. ಅದರ ಬದಲಿಗಿರುವ ಬಡ್ಡಿ ನೆರವು ಮೂರು ತಿಂಗಳು ಕಾದ ಮೇಲೆ ಸಿಗುತ್ತದೆ. ಅದು ಅಸಲನ್ನು ಮುಟ್ಟುವುದಿಲ್ಲ, ಮೇಲಾಗಿ 2018ರಿಂದ ಅದನ್ನು ಸಾಲವಾಗಿಯೇ ಕೊಡುತ್ತಿದ್ದಾರೆ. ಮನೆಯ ಮೇಲೆ ಹೊರೆಯಾಗಿ ದಾಖಲಾಗಿ, ಮಾರುವಾಗ ಬಡ್ಡಿಸಮೇತ ತೀರಿಸಬೇಕಾಗುತ್ತದೆ.

ತಮ್ಮನ ಉಡುಗೊರೆಯಿಂದ ಪಿಪ್‌ಗೆ ಏನೂ ಆಗದು, ಏಕೆಂದರೆ ಅದಕ್ಕೆ ಆಸ್ತಿ-ಉಳಿತಾಯದ ಲೆಕ್ಕವಿಲ್ಲ. ಆದರೆ ಯೂನಿವರ್ಸಲ್ ಕ್ರೆಡಿಟ್‌ನಲ್ಲಿ 6,000 ದಾಟಿದ ಪ್ರತಿ 250 ಪೌಂಡ್‌ಗೆ ತಿಂಗಳಿಗೆ 4.35 ಪೌಂಡ್ ಕಡಿತವಾಗುತ್ತದೆ, 16,000 ದಾಟಿದರೆ ಭತ್ಯೆಯೇ ಇಲ್ಲ. ಹಣ ನಿಮ್ಮ ಖಾತೆಯಲ್ಲಿ ಕುಳಿತಿರಬಾರದು. ಕೊಳ್ಳುವ ದಿನಕ್ಕೆ ಹತ್ತಿರದಲ್ಲಿ ತಮ್ಮನಿಂದ ನೇರವಾಗಿ ನಿಮ್ಮ ಖರೀದಿ ನೋಡಿಕೊಳ್ಳುವ ವಕೀಲರಾದ ಸಾಲಿಸಿಟರ್‌ಗೆ ಹೋಗಲಿ, ಆದರೂ ಭತ್ಯೆ ಕೊಡುವ ಇಲಾಖೆಗೆ ಮುಂಚಿತವಾಗಿ ತಿಳಿಸಿ. ಭಾರತದಿಂದ ಕಳುಹಿಸುವಾಗ ಹತ್ತು ಲಕ್ಷ ರೂಪಾಯಿ ಮೀರಿದ ಮೊತ್ತಕ್ಕೆ ಶೇ. 20 ಟಿಸಿಎಸ್ (ಮೂಲದಲ್ಲಿಯೇ ವಸೂಲಾಗುವ ತೆರಿಗೆ) ಹಿಡಿಯುತ್ತಾರೆ. ಅದು ತಮ್ಮನ ಆದಾಯ ತೆರಿಗೆಯಲ್ಲಿ ಹೊಂದಾಣಿಕೆಯಾಗುತ್ತದಾದರೂ, ಕೈಯಿಂದ ಅಷ್ಟು ಹಣ ಮೊದಲು ಹೋಗುತ್ತದೆ ಎಂಬುದು ಅವರಿಗೂ ಗೊತ್ತಿರಲಿ.

ಹಾಸನದ ಕಡೆ ಪಿತ್ರಾರ್ಜಿತ ಜಮೀನಿನಲ್ಲಿ ನಿಮ್ಮ ಪಾಲೇನಾದರೂ ಇದೆಯೇ? ಹೊರದೇಶದ ಆಸ್ತಿಯೂ ಲೆಕ್ಕಕ್ಕೆ ಬರುತ್ತದೆ, ತಿಳಿದಿರಲಿ.

ಕೊಂಡವನು:

ರ‍್ಯಾಂಪಿನ ವಿಷಯದಲ್ಲಿ ಹೆದರಬೇಡಿ. 1985ರ ವಸತಿ ಕಾಯ್ದೆಯ ಐದನೆಯ ಅನುಸೂಚಿಯಲ್ಲಿ ಅಂಗವಿಕಲರ ಮನೆಗಳಿಗೆ ವಿನಾಯಿತಿ ಇರುವುದು ನಿಜ, ಆದರೆ ಅದು ಸಾಮಾನ್ಯ ಮನೆಗಿಂತ ಗಣನೀಯವಾಗಿ ಬೇರೆ ವಿನ್ಯಾಸವಿದ್ದು, ಗುಂಪಾಗಿ ಇಂಥವರಿಗೇ ಬಾಡಿಗೆಗೆ ಕೊಡುವ, ಹತ್ತಿರದಲ್ಲಿ ವಿಶೇಷ ಸೇವಾ ಸೌಲಭ್ಯವಿರುವ ಮನೆಗಳ ಕುರಿತದ್ದು. ಸಾಮಾನ್ಯ ಮನೆಗೆ ಆಮೇಲೆ ಅಳವಡಿಸಿದ ಅನುಕೂಲವೊಂದೇ ಅದಕ್ಕೆ ಸಾಲದು.

ನಾನು ಕೊಂಡ ಎರಡನೆಯ ಚಳಿಗಾಲದಲ್ಲಿ ಬಾಯ್ಲರ್ ಕೆಟ್ಟಿತು. ಹಿಂದೆ ಒಂದು ಫೋನು ಮಾಡಿದರೆ ಕೌನ್ಸಿಲ್ಲಿನವರು ಬರುತ್ತಿದ್ದರು. ಆ ಸಲ ನಾನೇ ಹಣ ಹೊಂದಿಸುವವರೆಗೆ ಹನ್ನೆರಡು ದಿನ ಕಂಬಳಿ ಹೊದ್ದು ಕುಳಿತೆ. ಚಾವಣಿ, ಕೊಳವೆ, ನಿಮ್ಮ ಸ್ನಾನದ ಮನೆ, ಎಲ್ಲವೂ ಮುಂದೆ ನಿಮ್ಮವೇ. ಇಂಗ್ಲೆಂಡಿನಲ್ಲಿ ಮಾರ್ಪಾಡಿಗೆ 30,000 ಪೌಂಡ್‌ವರೆಗೆ ಡಿಸೇಬಲ್ಡ್ ಫೆಸಿಲಿಟೀಸ್ ಗ್ರಾಂಟ್ ಮಾಲೀಕರಿಗೂ ಸಿಗುತ್ತದೆ. ಆದರೆ ಅದು ದುರಸ್ತಿಗಲ್ಲ.

ಮಗಳ ತಾಯಿ:

ನಿಮ್ಮ ಜೊತೆ ಒಂದು ವರ್ಷದಿಂದ ವಾಸವಿರುವ ಮೂವರವರೆಗಿನ ಕುಟುಂಬದವರು ಜೊತೆಗೂಡಿ ಕೊಳ್ಳಬಹುದು. ಮಗಳ ಸಂಬಳವೂ ಸೇರಿದರೆ ಬ್ಯಾಂಕು ಒಪ್ಪುವ ಸಾಧ್ಯತೆ ಹೆಚ್ಚು. ಆದರೆ ಆ ಹುಡುಗಿ ನಾಳೆ ಮದುವೆಯಾಗಿ ಬೇರೆ ಊರಿಗೆ ಹೋಗುವಾಗ ಸಾಲದಿಂದ ಹೆಸರು ತೆಗೆಸುವುದು ಸುಲಭವಲ್ಲ. ಐದು ವರ್ಷದೊಳಗೆ ಮಾರಿದರೆ ರಿಯಾಯಿತಿಯನ್ನು ಹಿಂದಿರುಗಿಸಬೇಕು. ಮೊದಲ ವರ್ಷ ಪೂರ್ತಿ, ಆಮೇಲೆ ವರ್ಷಕ್ಕೆ ಐದನೆಯ ಒಂದರಷ್ಟು ಕಡಿಮೆ. ಆಕೆಯ ಜೊತೆ ಈ ಮಾತನ್ನು ಬಿಚ್ಚಿ ಆಡಿದ್ದೀರಾ?

ಹಾಸನದವಳು:

ತಾವೆಲ್ಲರೂ ಇಷ್ಟು ವಿವರವಾಗಿ ಬರೆದದ್ದಕ್ಕೆ ಕೃತಜ್ಞಳು. ಮಗಳ ಜೊತೆ ಮಾತನಾಡಿರಲಿಲ್ಲ. ಅವಳು ಸಂತೋಷಪಡುತ್ತಾಳೆಂದು ನಾನೇ ತೀರ್ಮಾನಿಸಿಕೊಂಡಿದ್ದೆ. ನಿನ್ನೆ ರಾತ್ರಿ ಕೇಳಿದೆ. ಮುಂದಿನ ವರ್ಷ ಮ್ಯಾಂಚೆಸ್ಟರ್‌ನಲ್ಲಿ ಕೆಲಸ ಹುಡುಕುವ ಯೋಚನೆಯಿದೆ, ಹೇಗೆ ಹೇಳಲಿ ಎಂದು ತಿಳಿಯದೆ ಸುಮ್ಮನಿದ್ದೆ ಎಂದಳು. ಅಪ್ಪನ ಜಮೀನಿನಲ್ಲಿ ನನ್ನ ಪಾಲಿನ್ನೂ ವಿಭಾಗವಾಗಿಲ್ಲ, ಆದರೆ ಪಾಲಂತೂ ಇದೆ. ಅದನ್ನು ಎಲ್ಲಿಯೂ ತಿಳಿಸಿರಲಿಲ್ಲ. ಸೋಮವಾರ ಉಚಿತ ಸಲಹಾ ಕೇಂದ್ರದಲ್ಲಿ ಮೊದಲು ಆ ವಿಷಯವನ್ನು ಕೇಳುತ್ತೇನೆ. ಅರ್ಜಿಯ ನಮೂನೆಯನ್ನು ತುಂಬಿಟ್ಟಿದ್ದೆ, ಸಹಿ ಮಾಡಿಲ್ಲ. ತಮ್ಮನಿಗೆ ಹಣ ಅಲ್ಲಿಯೇ ಇರಲಿ ಎಂದು ಹೇಳಿದ್ದೇನೆ.