ಗರಗಸದವನಿಂದ ತಪ್ಪಿಸ್ಕೊಳ್ಳೋದು ಹೇಗೆ?

ಪ್ರಶ್ನೆ: 1993ರ ‘ಜಾಂಬೀಸ್ ಏಟ್ ಮೈ ನೇಬರ್ಸ್’ ವಿಡಿಯೋ ಗೇಮ್ ತಂಗಿ ಜೊತೆ ಆಡ್ತಿದೀನಿ. ಆಟಿಕೆ ನೀರಿನ ಪಿಸ್ತೂಲು ಹಿಡ್ಕೊಂಡು ಎದ್ದು ಓಡಾಡೋ ಹೆಣಗಳ (ಜಾಂಬಿಗಳ) ಮೇಲೆ ಚಿಮ್ಮಿಸೋದು, ಹಳೇ ಅಗ್ಗದ ಹಾರರ್ ಸಿನಿಮಾ ಥರದ ಸಂಗೀತ, ಎರಡೂ ನಂಗೆ ಪ್ರಾಣ. ಆದ್ರೆ ನಾಲ್ಕನೇ ಲೆವೆಲ್‌ನಲ್ಲಿ ಗರಗಸದವನು ಬೇಲಿ ಸೀಳ್ಕೊಂಡೇ ಬರ್ತಾನೆ. ಏನ್ಮಾಡೋದು?

ಉತ್ತರ: ನಿಂತು ಹೊಡೀಬೇಡಿ, ಓಡಿ. ಅವನು ಸೀಳಿದ ಬೇಲಿಯೇ ನಿಮಗೆ ಅಡ್ಡದಾರಿ. ನೆರೆಯವರು ಎಲ್ಲಿದಾರೆ ಅಂತ ರೇಡಾರ್‌ನಲ್ಲಿ ನೋಡಿ, ಬೇಗ ಮುಟ್ಟಿ ಕಾಪಾಡಿ. ಎಲ್ಲರೂ ಸತ್ರೆ ಆಟವೇ ಮುಗೀತು.

ಇನ್ನೊಂದು ಉತ್ತರ: ಬೆಳ್ಳಿ ಚಮಚ, ಫೋರ್ಕು ಸಿಕ್ಕಿದ್ರೆ ದಯವಿಟ್ಟು ಉಳಿಸ್ಕೊಳ್ಳಿ. ಮುಂದೆ ಬರೋ ತೋಳಮನುಷ್ಯರಿಗೆ ಬೆಳ್ಳಿ ಒಂದೇ ಏಟು! ಪಾಸ್‌ವರ್ಡ್ ಹಾಕಿ ನಡುವಿನ ಲೆವೆಲ್‌ನಿಂದ ಶುರು ಮಾಡಿದ್ರೆ ಕೂಡಿಟ್ಟ ಆಯುಧ ಬರಲ್ಲ, ನೆನಪಿರ್ಲಿ.

ಪ್ರಶ್ನೆ ಕೇಳಿದವರು: ದಾಟಿದ್ವಿ! ತಂಗಿ ಅವನನ್ನ ಬೇಲಿ ಸುತ್ತ ಓಡಿಸಿದ್ಲು, ನಾನು ನೆರೆಯವರನ್ನ ಕಾಪಾಡಿದೆ.