ವಂಡರ್‌ಲಾಕ್ಕೆ ಎಷ್ಟು ದಿನ ಇಡಬೇಕು? ಹೋಗಿ ಬಂದವರು ಹೇಳಿ

ಕೋಡಿಬಾಗದ ಅಮ್ಮ, ಕಾರವಾರ:

ದಸರಾ ರಜೆಗೆ ಬಿಡದಿಯ ವಂಡರ್‌ಲಾಕ್ಕೆ ಕರೆದುಕೊಂಡು ಹೋಗುತ್ತೇವೆ ಅಂತ ಮಕ್ಕಳಿಗೆ ಮಾತು ಕೊಟ್ಟಾಗಿದೆ. ದೊಡ್ಡವನಿಗೆ 11, ಸಣ್ಣವಳಿಗೆ 5. ಜೊತೆಗೆ ಅತ್ತೆ, ಅವರಿಗೆ 68. ನಮ್ಮ ಮನೆಯವರು "ರಾತ್ರಿ ಹೊರಡೋದು, ಒಂದು ದಿನ ಪಾರ್ಕು, ರಾತ್ರಿ ವಾಪಸ್ಸು, ಮುಗೀತು" ಅನ್ನುತ್ತಾರೆ. ಮಗನಿಗೆ ಎರಡು ದಿನ ಪಾರ್ಕೇ ಬೇಕಂತೆ. ಅಷ್ಟು ದೂರ ಹೋದ ಮೇಲೆ ಮೈಸೂರನ್ನೂ ನೋಡಿ ಬರೋಣ ಅಂತ ನನ್ನ ಆಸೆ. ಅತ್ತೆ ಏನೂ ಹೇಳುವುದಿಲ್ಲ, ಮೊಣಕಾಲಿಗೆ ಎಣ್ಣೆ ತಿಕ್ಕುವುದನ್ನು ಮಾತ್ರ ಈಗಲೇ ಶುರು ಮಾಡಿದ್ದಾರೆ. ಒಟ್ಟು ಎಷ್ಟು ದಿನ ಇಟ್ಟುಕೊಂಡರೆ ಸರಿ? ಪಾರ್ಕಿಗೆ ಒಂದು ದಿನ ಸಾಕಾ?

ಕುಮಟಾದ ಮೇಷ್ಟ್ರು:

ಅಕ್ಕಾ, ಮೊದಲು ಪಾರ್ಕಿನ ಲೆಕ್ಕ ಬಿಡಿ, ದಾರಿಯ ಲೆಕ್ಕ ಹಾಕಿ. ಬೆಂಗಳೂರಿನವರು ಬೆಳಿಗ್ಗೆ ತಿಂಡಿ ತಿಂದು ಹೊರಟು ರಾತ್ರಿ ಊಟಕ್ಕೆ ಮನೆಗೆ ಬರುತ್ತಾರೆ. ಅವರು "ಒಂದು ದಿನ ಸಾಕು" ಅಂದರೆ ನಾವು ನಂಬಬಾರದು. ಕಾರವಾರದಿಂದ ಬೆಂಗಳೂರು 500 ಕಿಲೋಮೀಟರಿಗೂ ಜಾಸ್ತಿ. ಸಂಜೆ ಶಿರವಾಡದ ಸ್ಟೇಷನ್ನಿನಲ್ಲಿ ಪಂಚಗಂಗಾ ರೈಲು ಹತ್ತಿದರೆ ಇಳಿಯುವುದು ಮರುದಿನ ಬೆಳಿಗ್ಗೆ. ಹೋಗಲು ಒಂದು ರಾತ್ರಿ, ಬರಲು ಒಂದು ರಾತ್ರಿ. ಆ ಎರಡು ರಾತ್ರಿ ಮಕ್ಕಳು ಎಷ್ಟು ನಿದ್ದೆ ಮಾಡುತ್ತಾರೆ ಅನ್ನುವುದರ ಮೇಲೆ ಉಳಿದದ್ದೆಲ್ಲ ನಿಂತಿದೆ.

2022ರ ಮೇ ತಿಂಗಳಲ್ಲಿ ನಾವು ನಿಮ್ಮ ಮನೆಯವರ ಲೆಕ್ಕದಂತೆಯೇ ಹೋದೆವು. ಬೆಳಿಗ್ಗೆ ಇಳಿದು, ಲಾಡ್ಜಿನಲ್ಲಿ ಸ್ನಾನಕ್ಕೆ ಅಂತ ಎರಡು ತಾಸು ರೂಮು ಹಿಡಿದು, ಅಲ್ಲಿಂದ ಸೀದಾ ಬಿಡದಿ. ದಾರಿಯಲ್ಲಿ ತಟ್ಟೆ ಇಡ್ಲಿ ತಿಂದೆವು. ಅಲ್ಲಿಯವರೆಗೆ ಎಲ್ಲ ಚೆನ್ನಾಗಿತ್ತು. ಮಧ್ಯಾಹ್ನ ಮೂರು ಗಂಟೆಗೆ ನನ್ನ ಆರು ವರ್ಷದ ಮಗಳು ಒದ್ದೆ ಬಟ್ಟೆಯಲ್ಲೇ ಬೆಂಚಿನ ಮೇಲೆ ನಿದ್ದೆ ಹೋದಳು. ಕೈಯಲ್ಲಿ ಅರ್ಧ ತಿಂದ ಜೋಳದ ತೆನೆ, ಹಾಗೇ ಹಿಡಿದುಕೊಂಡಿದ್ದಳು. ಎಬ್ಬಿಸಿದರೆ ಅಳು. ಬಿಟ್ಟರೆ ನನಗೆ ಟಿಕೆಟ್ ದುಡ್ಡಿನ ಸಂಕಟ. ಅವಳ ಅಣ್ಣ "ಇನ್ನೊಂದು ಸಲ ಅಲೆಯ ಕೊಳಕ್ಕೆ ಹೋಗೋಣ" ಅಂತ ಅಮ್ಮನ ಕೈ ಎಳೆಯುತ್ತಿದ್ದ. ಕೊನೆಗೆ ಅವರಿಬ್ಬರೂ ಹೋದರು, ನಾನು ಮಗಳ ಪಕ್ಕ ಕೂತು ತೂಕಡಿಸಿದೆ. ಮಾರನೇ ಬೆಳಿಗ್ಗೆ ಕುಮಟಾದಲ್ಲಿ ಇಳಿಯುವಾಗ ನಾಲ್ಕು ಜನಕ್ಕೂ ಒಬ್ಬರಿಗೊಬ್ಬರು ಮಾತು ಬೇಡವಾಗಿತ್ತು.

ಮರುವರ್ಷ ಬೇರೆ ಥರ ಮಾಡಿದೆವು. ಇಳಿದ ದಿನ ಪಾರ್ಕ್ ಇಲ್ಲ. ಮಧ್ಯಾಹ್ನ ಮಲಗಿ ಎದ್ದು, ಸಂಜೆ ಲಾಲ್‌ಬಾಗ್ ಸುತ್ತಿ, ಬೇಗ ಊಟ. ಮರುದಿನ ಪಾರ್ಕ್. ಆ ರಾತ್ರಿಯೂ ಅಲ್ಲೇ ಉಳಿದು ಮೂರನೇ ದಿನ ಸಂಜೆ ರೈಲು. ಮೂರು ಹಗಲು, ನಾಲ್ಕು ರಾತ್ರಿ. ಪಾರ್ಕಿಗೆ ಸಿಕ್ಕಿದ್ದು ಒಂದೇ ಹಗಲು, ಆದರೆ ಪೂರಾ ಸಿಕ್ಕಿತು. ಅದೇ ಮಗಳು ಸಂಜೆ ಬಾಗಿಲು ಹಾಕುವ ಹೊತ್ತಿಗೂ ಓಡುತ್ತಿದ್ದಳು.

ಅಂಕೋಲೆಯವ:

ಒಂದು ದಿನ. ಎರಡನೇ ದಿನವೂ ಅದೇ ಆಟ, ಅದೇ ಕ್ಯೂ. ಉಳಿದ ದುಡ್ಡಲ್ಲಿ ಒಳ್ಳೆಯ ಹೋಟೆಲ್ ಹಿಡಿಯಿರಿ.

ತೋಟದ ಮನೆ, ಶಿರಸಿ ಕಡೆ:

ನಮ್ಮಲ್ಲಿ ರಜೆ ಎಷ್ಟು ದಿನ ಅಂತ ನಿರ್ಧಾರ ಮಾಡುವುದು ಕೊಟ್ಟಿಗೆ. ಹಾಲು ಕರೆಯಲು ಪಕ್ಕದ ಮನೆ ಭಾವ ಮೂರು ದಿನಕ್ಕೆ ಖುಷಿಯಿಂದ ಒಪ್ಪುತ್ತಾನೆ. ನಾಲ್ಕನೇ ದಿನ ಫೋನ್ ಬರುತ್ತದೆ, "ನಿಮ್ಮ ಎಮ್ಮೆ ಒದೀತು ಮಾರಾಯಾ" ಅಂತ. ಹಾಗಾಗಿ ನಾವು ಏನೇ ಮಾಡಿದರೂ ಮೂರೂವರೆ ದಿನದ ಒಳಗೆ. ಅಡಿಕೆ ಕೊಯ್ಲು ಶುರುವಾದರೆ ಅದೂ ಇಲ್ಲ.

ಆದರೆ ನನಗೆ ಅನ್ನಿಸಿದ್ದು ಒಂದು ಹೇಳುತ್ತೇನೆ. ನಮ್ಮ ಮಾರಿಕಾಂಬಾ ಜಾತ್ರೆ ನೋಡಿ, ಎರಡು ವರ್ಷಕ್ಕೊಮ್ಮೆ, ಒಂಬತ್ತು ದಿನ. 2024ರ ಜಾತ್ರೆಗೆ ನಮ್ಮ ಮಕ್ಕಳು ಐದು ಸಂಜೆ ಹೋದರು. ಅದೇ ತೊಟ್ಟಿಲು, ಅದೇ ಬೊಂಬಾಯಿ ಮಿಠಾಯಿ, ಅದೇ ಬಳೆ ಅಂಗಡಿ. ಐದನೇ ಸಂಜೆಯೂ ಬೇಜಾರು ಅನ್ನಲಿಲ್ಲ. ಯಾಕೆ? ಬಿಸಿಲು ಇಳಿದ ಮೇಲೆ ಹೋಗಿ, ಎರಡು ತಾಸು ಸುತ್ತಿ, ಮನೆಗೆ ಬಂದು ಮಜ್ಜಿಗೆ ಅನ್ನ ಉಂಡು ತಮ್ಮ ತಮ್ಮ ಹಾಸಿಗೆಯಲ್ಲಿ ಮಲಗುತ್ತಿದ್ದರು. ಪಾರ್ಕಿನಲ್ಲಿ ಹಾಗಾಗುವುದಿಲ್ಲ. ಟಿಕೆಟ್ ಕೊಟ್ಟಿದ್ದೇವೆ ಅಂತ ನಾವೇ ಅವರನ್ನು ಬೆಳಿಗ್ಗೆಯಿಂದ ಸಂಜೆವರೆಗೆ ಓಡಿಸುತ್ತೇವೆ. ದಿನ ಜಾಸ್ತಿ ಆಗಿ ಸುಸ್ತಾಗುವುದಲ್ಲ, ಒಂದೊಂದು ದಿನ ಉದ್ದ ಆಗಿ ಸುಸ್ತು.

ಹೊನ್ನಾವರದ ಅಪ್ಪ:

ಅಂಕೋಲೆಯವರ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಒಂದಾ ಎರಡಾ ಅನ್ನುವುದು ಮಕ್ಕಳ ಎತ್ತರದ ಮೇಲೆ. ಅಲ್ಲಿ ಮಕ್ಕಳ ಟಿಕೆಟ್ ವಯಸ್ಸಿನ ಮೇಲಲ್ಲ, ಎತ್ತರದ ಮೇಲೆ. 85 ಸೆಂ.ಮೀ. ಒಳಗಿದ್ದರೆ ಟಿಕೆಟ್ ಇಲ್ಲ, 140ರ ತನಕ ಮಕ್ಕಳ ಟಿಕೆಟ್. ಎದೆ ಝಲ್ ಅನ್ನಿಸುವ ದೊಡ್ಡ ಆಟಗಳಲ್ಲಿ ಹಲವಕ್ಕೆ 140 ದಾಟಿರಲೇಬೇಕು. ನನ್ನ ಮಗ ಆಗ 137 ಇದ್ದ. ಹಿಮ್ಮುಖವಾಗಿ ತಲೆಕೆಳಗೆ ಮಾಡಿಸುವ ರಿಕಾಯಿಲ್ ಅಂತ ಒಂದು ಇದೆ, ಅದಕ್ಕಾಗಿಯೇ ಎರಡು ತಿಂಗಳು ಕಾದಿದ್ದ. ಅಳತೆ ಕೋಲಿನ ಕೆಳಗೆ ಹಿಮ್ಮಡಿ ಎತ್ತಿ ನಿಂತ. ಅಲ್ಲಿದ್ದ ಹುಡುಗ ನಗುತ್ತಾ ಭುಜದ ಮೇಲೆ ಮೆಲ್ಲಗೆ ಕೈ ಇಟ್ಟ. ಅಷ್ಟೇ, ಮೂರು ಸೆಂ.ಮೀ. ಮಾಯ. ನಾವು ಎರಡು ದಿನಕ್ಕೆ ಅಂತ ಪಕ್ಕದ ರೆಸಾರ್ಟಿನಲ್ಲಿ ಉಳಿದಿದ್ದೆವು. ಎರಡನೇ ದಿನ ಅವನು ಪಾರ್ಕಿಗೆ ಬರುವುದೇ ಇಲ್ಲ ಅಂದುಬಿಟ್ಟ. ರೆಸಾರ್ಟಿನ ಈಜುಕೊಳದಲ್ಲೇ ಇಡೀ ದಿನ.

ಎರಡು ವರ್ಷ ಬಿಟ್ಟು ಹೋದಾಗ ಅವನು 149. ಆಗ ಎರಡು ದಿನವೂ ಸಾಕಾಗಲಿಲ್ಲ. ಪಾರ್ಕ್ ತೆರೆಯುವುದು 11ಕ್ಕೆ. ನೀರಿನ ಆಟ ಶುರುವಾಗುವುದು ಇನ್ನೂ ತಡವಾಗಿ, ಮುಗಿಯುವುದು ಬೇಗ. ಆಟ ಅರವತ್ತಕ್ಕೂ ಮೇಲೆ ಇವೆ. ರಜೆಯ ಜನದಲ್ಲಿ ನಮಗೆ ಒಂದು ದಿನಕ್ಕೆ ಸಿಕ್ಕಿದ್ದು ಹನ್ನೆರಡು. ಮೊದಲ ದಿನ ಒಣ ಆಟ, ಎರಡನೇ ದಿನ ನೀರು ಅಂತ ಭಾಗ ಮಾಡಿಕೊಂಡೆವು, ಚೆನ್ನಾಯಿತು. ಹಾಗಾಗಿ ಮೊದಲು ಮನೆಯಲ್ಲಿ ಟೇಪ್ ಹಿಡಿದು ಮಕ್ಕಳನ್ನು ಅಳೆಯಿರಿ.

ಇನ್ನೊಂದು, ನೀರಿಗೆ ಹತ್ತಿಬಟ್ಟೆ ಬಿಡುವುದಿಲ್ಲ. ನೈಲಾನ್ ಥರದ್ದು ಊರಿಂದಲೇ ಒಯ್ಯಿರಿ. ತಿಂಡಿಯನ್ನೂ ಒಳಗೆ ಬಿಡುವುದಿಲ್ಲ, ಅತ್ತೆಯವರು ಚಕ್ಕುಲಿ ಡಬ್ಬಿ ಕಟ್ಟುವ ಮೊದಲೇ ಹೇಳಿಬಿಡಿ.

ಭಟ್ಕಳದಿಂದ:

ನಮ್ಮೂರಲ್ಲಿ ದುಬೈಯಲ್ಲಿ ಯಾರೂ ಇಲ್ಲದ ಮನೆ ಕಡಿಮೆ. ನಾವು ಹೋದಾಗ ಭಾವ ಪ್ರೀತಿಯಿಂದ ಅಬುಧಾಬಿಯ ಯಾಸ್ ದ್ವೀಪದ ಮೂರು ಪಾರ್ಕಿಗೆ ಒಟ್ಟಿಗೇ ಟಿಕೆಟ್ ತೆಗೆದಿಟ್ಟಿದ್ದರು. ಸಾಲಾಗಿ ಮೂರು ದಿನ. ಮೊದಲ ದಿನ ಫೆರಾರಿ ವರ್ಲ್ಡ್. ಅಲ್ಲಿ ಗಂಟೆಗೆ 240 ಕಿ.ಮೀ. ವೇಗದ ರೋಲರ್ ಕೋಸ್ಟರ್ ಇದೆ. ನನ್ನ ಮಗ ಇಳಿದು ಬಂದವನು ಅರ್ಧ ತಾಸು ಬರೀ ನಗುತ್ತಿದ್ದ. ಎರಡನೇ ದಿನ ವಾಟರ್‌ವರ್ಲ್ಡ್, ಅದೂ ಖುಷಿಯೇ. ಮೂರನೇ ದಿನ ವಾರ್ನರ್ ಬ್ರದರ್ಸ್. ಪೂರ್ತಿ ಎಸಿ, ಬಿಸಿಲೇ ಇಲ್ಲ, ಎಷ್ಟು ಚಂದ ಮಾಡಿದ್ದಾರೆ. ನನ್ನ ಮಗ ಒಂದು ಮೂಲೆಯಲ್ಲಿ ಕೂತು ಮೊಬೈಲ್ ನೋಡುತ್ತಿದ್ದ! ಪಾರ್ಕಿನದ್ದೇನೂ ತಪ್ಪಿಲ್ಲ. ಎರಡು ದಿನ ಕಿರುಚಿದ ಮೇಲೆ ಮೂರನೇ ದಿನಕ್ಕೆ ಕಿರುಚು ಎಲ್ಲಿಂದ ತರಬೇಕು? ನಡುವೆ ಒಂದು ದಿನ ಭಾವನ ಮನೆಯಲ್ಲಿ ಸುಮ್ನೆ ಬಿರಿಯಾನಿ ತಿಂದು ಮಲಗಿದ್ದರೆ ಅದೂ ರುಚಿಸುತ್ತಿತ್ತು.

ಬೈತಖೋಲ ಬಂದರು:

ನಮ್ಮದು ಬೋಟಿನ ಕೆಲಸ. ಯಾಂತ್ರಿಕ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರ ತನಕ ನಿಷೇಧ, 61 ದಿನ. ನಮಗೆ ಆಗಲೇ ಬಿಡುವು. ಮಕ್ಕಳಿಗೆ ಆಗಲೇ ಶಾಲೆ ಶುರು. ಹಾಗಾಗಿ ಕಳೆದ ಸಲ ಎರಡು ದಿನ ಶಾಲೆ ತಪ್ಪಿಸಿ ಜೂನ್ ಕೊನೆಯ ಒಂದು ಬುಧವಾರ ಹೋದೆವು. ತುಂತುರು ಮಳೆ. ಹೇಗೂ ನೆನೆಯಲು ಹೋದವರಿಗೆ ಮಳೆಯದ್ದೇನು ಹೆದರಿಕೆ? ಜನವೇ ಇರಲಿಲ್ಲ. ರಜೆಯಲ್ಲಿ ಎರಡು ದಿನಕ್ಕೆ ಆಗುವಷ್ಟು ಆಟ ನಾವು ಒಂದೇ ದಿನದಲ್ಲಿ ಮುಗಿಸಿ ನಾಲ್ಕು ಗಂಟೆಗೆ ಚಹಾ ಕುಡಿಯುತ್ತಾ ಕೂತಿದ್ದೆವು. ನೀವು ದಸರಾಕ್ಕೇ ಹೋಗುವುದಾದರೆ ಶನಿವಾರ, ಭಾನುವಾರ, ಆಯುಧಪೂಜೆ ಬಿಟ್ಟು ವಾರದ ನಡುವೆ ಹೋಗಿ. ಶಾಲೆ ತಪ್ಪಿಸಿದ್ದಕ್ಕೆ ಟೀಚರ್ ಬೈದರು, ಅದು ಬೇರೆ ವಿಷಯ.

ಸಿದ್ದಾಪುರದ ಅಜ್ಜಿ (ಮೊಮ್ಮಗಳು ಟೈಪ್ ಮಾಡುತ್ತಿದ್ದಾಳೆ):

ನಾನು ನಿಮ್ಮ ಅತ್ತೆಯ ಪರವಾಗಿ ಹೇಳುತ್ತೇನೆ. 2019ರಲ್ಲಿ ಮಗ ಅಮೆರಿಕಕ್ಕೆ ಕರೆಸಿಕೊಂಡಿದ್ದ. ಫ್ಲಾರಿಡಾದ ಡಿಸ್ನಿ ವರ್ಲ್ಡ್‌ಗೆ ಹೋದೆವು. ಅದು ಒಂದು ಪಾರ್ಕ್ ಅಂದುಕೊಂಡಿದ್ದೆ, ನೋಡಿದರೆ ನಾಲ್ಕು, ನೀರಿನ ಪಾರ್ಕ್ ಮತ್ತೆ ಬೇರೆ. ಟಿಕೆಟ್ಟೂ ಹಾಗೇ. ದಿನ ಹೆಚ್ಚಾದ ಹಾಗೆ ಒಂದು ದಿನದ ಲೆಕ್ಕ ಕಮ್ಮಿ ಆಗುತ್ತದೆ. ಸೊಸೆ ಆ ಲೆಕ್ಕ ನೋಡಿ "ಐದನೇ ದಿನ ಎಷ್ಟು ಅಗ್ಗ ನೋಡಿ" ಅಂದಳು. ಸೀರೆ ಅಂಗಡಿಯಲ್ಲಿ ನಾಲ್ಕು ತೆಗೆದರೆ ಐದನೆಯದು ಕಮ್ಮಿ ಅಂತಾರಲ್ಲ, ಹಾಗೆ. ಬೇಡದ ಐದನೇ ಸೀರೆ ಇನ್ನೂ ಪೆಟ್ಟಿಗೆಯಲ್ಲಿದೆ.

ನಮ್ಮೂರಿಗೂ ಅಲ್ಲಿಗೂ ಒಂಬತ್ತೂವರೆ ತಾಸು ವ್ಯತ್ಯಾಸ. ನನಗಿನ್ನೂ ನಿದ್ದೆ ಹೊಂದಿರಲಿಲ್ಲ. ಮೊದಲ ದಿನ ರಾತ್ರಿ ಬಾಣಬಿರುಸು ನೋಡಲು ನಿಂತವಳಿಗೆ ನಿಂತಲ್ಲೇ ಜೋಂಪು. ಎರಡನೇ ದಿನ ನನ್ನನ್ನು ಒಂದು ನೆರಳಿನಲ್ಲಿ ಕೂರಿಸಿ, ಐದು ಚೀಲ ಪಕ್ಕದಲ್ಲಿಟ್ಟು, "ಆಯಿ, ನೋಡಿಕೊಂಡಿರು" ಅಂತ ಹೋದರು. ರಜೆ ಅವರದ್ದು, ಕಾವಲು ನನ್ನದು. ಮೂರನೇ ದಿನ ನಾನು ಬರುವುದಿಲ್ಲ ಅಂದೆ. ಹೋಟೆಲಿನಲ್ಲಿ ಕೆರೆ ಇತ್ತು, ಅದರ ದಂಡೆಯಲ್ಲಿ ನಡೆದೆ, ಕೊಕ್ಕರೆ ನೋಡಿದೆ, ತಂದಿದ್ದ ಅವಲಕ್ಕಿ ತಿಂದೆ. ಆ ಇಡೀ ಪ್ರವಾಸದಲ್ಲಿ ನನಗೆ ನೆನಪಿರುವ ಒಳ್ಳೆಯ ದಿನ ಅದು. ನಿಮ್ಮ ಅತ್ತೆಯನ್ನು ಕೇಳಿದ್ದೀರಾ? "ಏನೂ ಹೇಳುವುದಿಲ್ಲ" ಅಂದರೆ ಒಪ್ಪಿಗೆ ಅಂತ ಅಲ್ಲ ತಂಗೀ.

ಮುರ್ಡೇಶ್ವರದಿಂದ:

ಮೈಸೂರಿನ ವಿಷಯ ಯಾರೂ ಹೇಳಲಿಲ್ಲ. ಸೇರಿಸಿಕೊಳ್ಳಿ, ಆದರೆ ಪಾರ್ಕ್ ಆದ ಮರುದಿನ ಬೆಳಿಗ್ಗೆ ಏಳಕ್ಕೇ ಹೊರಡಿಸಬೇಡಿ. ಬಿಡದಿ ಇರುವುದು ಮೈಸೂರು ದಾರಿಯಲ್ಲೇ, ವಾಪಸ್ ಬೆಂಗಳೂರಿಗೆ ಬರುವ ಕೆಲಸವಿಲ್ಲ. ದಸರೆಯ ದಿನಗಳಲ್ಲಿ ಅರಮನೆಗೆ ದಿನಾ ಸಂಜೆ ದೀಪ, ಸುಮಾರು ಒಂದು ಲಕ್ಷ ಬಲ್ಬು. ಬೇರೆ ದಿನಗಳಲ್ಲಾದರೆ ಮುಖ್ಯವಾಗಿ ಭಾನುವಾರ ಮತ್ತು ಸರ್ಕಾರಿ ರಜೆಯ ದಿನ. ಮೃಗಾಲಯಕ್ಕೆ ಸಾಮಾನ್ಯವಾಗಿ ಮಂಗಳವಾರ ರಜೆ, ನೋಡಿಕೊಳ್ಳಿ. ದಸರಾ ಹೊತ್ತಿಗೆ ಲಾಡ್ಜ್ ರೇಟು ಆಕಾಶಕ್ಕೆ, ಈಗಲೇ ಬುಕ್ ಮಾಡಿ. ಬರುವಾಗ ಮೈಸೂರಿನ ಮೇಲೆ ಬರುವ ಬೆಂಗಳೂರು–ಮುರ್ಡೇಶ್ವರ ರೈಲಿದೆ. ರಾತ್ರಿ ಹತ್ತಿದರೆ ಮರುದಿನ ಮಧ್ಯಾಹ್ನದ ಹೊತ್ತಿಗೆ ನಮ್ಮೂರು. ಅಲ್ಲಿಂದ ನಿಮಗೆ ಕಾರವಾರದ ಬಸ್ಸು.

ಕೋಡಿಬಾಗದ ಅಮ್ಮ, ಕಾರವಾರ:

ಎಲ್ಲರಿಗೂ ಥ್ಯಾಂಕ್ಸ್. ಅಜ್ಜಿ, ನಿಮ್ಮ ಮಾತು ಓದಿ ಅತ್ತೆಯನ್ನು ಕೇಳಿದೆ. ಕೇಳುವುದನ್ನೇ ಕಾಯುತ್ತಿದ್ದರು ಅನ್ನಿಸುತ್ತದೆ. "ಪಾರ್ಕಿನ ದಿನ ನಾನು ಬೆಂಗಳೂರಲ್ಲಿ ತಂಗಿ ಮನೆಲಿ ಇರ್ತೇನೆ, ಮೈಸೂರಿಗೆ ಮಾತ್ರ ಬರ್ತೇನೆ, ಅರಮನೆ ದೀಪ ನೋಡ್ಬೇಕು" ಅಂದರು. ಮದುವೆಯಾದ ಹೊಸತರಲ್ಲಿ ಮಾವ ತೋರಿಸುತ್ತೇನೆ ಅಂದಿದ್ದರಂತೆ, ಆಗಲಿಲ್ಲವಂತೆ. ನನಗೆ ಇದು ಗೊತ್ತೇ ಇರಲಿಲ್ಲ.

ಈಗಿನ ಲೆಕ್ಕ ಹೀಗೆ. ಭಾನುವಾರ ಸಂಜೆ ಪಂಚಗಂಗಾ. ಸೋಮವಾರ ತಂಗಿ ಮನೆಯಲ್ಲಿ ಊಟ, ನಿದ್ದೆ. ಮಂಗಳವಾರ ನಾವು ನಾಲ್ಕು ಜನ ಪಾರ್ಕ್. ಬುಧವಾರ ನಿಧಾನಕ್ಕೆ ಎದ್ದು ಅತ್ತೆಯನ್ನೂ ಕರೆದುಕೊಂಡು ಮೈಸೂರು, ಸಂಜೆ ಅರಮನೆ. ಗುರುವಾರ ಮೃಗಾಲಯ, ರಾತ್ರಿ ರೈಲು. ನಾಲ್ಕು ಹಗಲು, ಅದರಲ್ಲಿ ಪಾರ್ಕ್ ಒಂದೇ. ನಮ್ಮ ಮನೆಯವರು ರಜೆ ಅರ್ಜಿ ಬರೆಯುತ್ತಾ ಮುಖ ಸಣ್ಣ ಮಾಡಿದ್ದಾರೆ, ಆದರೆ ಬರೆಯುತ್ತಿದ್ದಾರೆ.

ಹೊನ್ನಾವರದವರು ಹೇಳಿದ ಹಾಗೆ ಇಬ್ಬರನ್ನೂ ಬಾಗಿಲ ಚೌಕಟ್ಟಿಗೆ ನಿಲ್ಲಿಸಿ ಪೆನ್ಸಿಲ್ ಗೆರೆ ಎಳೆದು ಅಳೆದೆ. ಸಣ್ಣವಳು 106. ದೊಡ್ಡವನು ಸರಿಯಾಗಿ 138. ಅವತ್ತಿನಿಂದ ಬೆಳಿಗ್ಗೆ ಸಂಜೆ ಮಾವಿನ ಕೊಂಬೆಗೆ ಜೋತು ಬೀಳುತ್ತಿದ್ದಾನೆ.

ಹೊನ್ನಾವರದ ಅಪ್ಪ:

ನನ್ನ ಮಗನೂ ಜೋತು ಬಿದ್ದಿದ್ದ. ಕೊಂಬೆ ಮುರಿಯಿತು.

ಕೋಡಿಬಾಗದ ಅಮ್ಮ, ಕಾರವಾರ:

ಅವರಪ್ಪನದ್ದು ಬೇರೆಯೇ ಚಿಂತೆ. "ಟಿಕೆಟ್ ತೆಗೆಯೋ ತನಕ ಬೆಳೀಬೇಡ, ಒಳಗೆ ಹೋದ ಮೇಲೆ ಬೆಳೆದ್ಕೋ" ಅನ್ನುತ್ತಿದ್ದಾರೆ.